ಜವಾಬು ಕೊಡತಕ್ಕವರು ಯಾರು?

ಕನ್ನಡದಲ್ಲಿ ನೆಲೆನಿಂತಿರುವ ‘ಜವಾಬ್ದಾರಿ’ ಎಂಬ ಮಾತು ಬಹು ಅರ್ಥವತ್ತಾದುದು. ಜವಾಬು ಎಂದರೆ ಉತ್ತರ. ಉತ್ತರ ಹೇಳುವುದಕ್ಕೆ ಕಟ್ಟುಬಿದ್ದವನೇ ಜವಾಬ್ದಾರ. ರಾಜ್ಯಾಡಳಿತದಲ್ಲಿ ಈ ಮೂಲಾರ್ಥ ಎಷ್ಟರಮಟ್ಟಿಗೆ ಉಳಿದಿದೆಯೆಂಬುದನ್ನು ತೆರಿಗೆ, ಪದವೀಧರರ ವೇತನ, ಕೆರೆಯ ಮೀನು ಎಂಬ ಮೂರು ನಿದರ್ಶನಗಳಿಂದ ವಿಚಾರಮಾಡೋಣ.

ಸರ್ಕಾರವನ್ನು ಕೇಳುವ ಪದ್ಧತಿ ಮೈಸೂರಿನವರಾದ ನಮಗೆ ಹೊಸದಲ್ಲ. 1881ರಲ್ಲಿ ದಿವಾನ್ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆಯನ್ನು ಕೂಡಿಸಿದರು. ಅಲ್ಲಿ ಅಹವಾಲು ಹೇಳಿಕೊಳ್ಳಬಹುದಾಗಿತ್ತೇ ಹೊರತು ತೀರ್ಮಾನಮಾಡುವ ಅಧಿಕಾರವಿರಲಿಲ್ಲ. 1907ರಲ್ಲಿ ನ್ಯಾಯವಿಧಾಯಕ ಸಭೆ ಹುಟ್ಟಿತು. 1923ರ ಸುಧಾರಣೆಯಿಂದ, ಹೊಸ ತೆರಿಗೆಯನ್ನು ಹಾಕುವ ಮೊದಲು ಪ್ರಜಾಪ್ರತಿನಿಧಿ ಸಭೆಯ ಅಭಿಪ್ರಾಯವನ್ನು ಕೇಳತಕ್ಕದ್ದೆಂದಾಯಿತು. ಆದರೂ ದಿವಾನರನ್ನು ನೇಮಿಸುತ್ತಿದ್ದವರು ಮಹಾರಾಜರು. ಸಭೆ ಒಪ್ಪದಿದ್ದ ಮಾತ್ರಕ್ಕೆ ಅವರು ಅಧಿಕಾರ ಬಿಡಬೇಕಾಗಿರಲಿಲ್ಲ.

ಗಡಿಯಾಚೆಯ ತೆರಿಗೆಯ ವಿಷಯದಲ್ಲಿ ಕಷ್ಟ ಇನ್ನೂ ಹೆಚ್ಚಿನದು. ಬ್ರಿಟಿಷ್ ಇಂಡಿಯದ ರೇವುಗಳಲ್ಲಿ ಇಳಿದ ಸರಕಿನ ಸುಂಕವು ಬೆಲೆಯೊಳಗೆ ಸೇರಿ, ಮೈಸೂರಿನ ಅಂಗಡಿಯಲ್ಲಿ ಕೊಳ್ಳುವವನ ಮೇಲೆ ಬೀಳುತ್ತಿತ್ತು. ಹಣ ಮಾತ್ರ ಬ್ರಿಟಿಷ್ ಇಂಡಿಯದ ಬೊಕ್ಕಸಕ್ಕೆ ಸೇರುತ್ತಿತ್ತು. ಸುಂಕ ವಿಧಿಸಿದವರು ಮೈಸೂರಿನ ಸಭೆಗೆ ಜವಾಬ್ದಾರರಲ್ಲ; ಆದುದರಿಂದ ಅಲ್ಲಿ ಕೇಳಿಯೂ ಫಲವಿರಲಿಲ್ಲ. ಸಂಸ್ಥಾನಗಳ ಈ ದೂರಿನಲ್ಲಿ ನ್ಯಾಯವುಂಟೆಂದು 1929ರಲ್ಲಿ ಬಟ್ಲರ್ ಸಮಿತಿಯೇ ಒಪ್ಪಿಕೊಂಡಿತು. 1947ರ ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲ ಬಂದಾಗ ಜನರು ಅದನ್ನು ‘ಜವಾಬ್ದಾರಿ ಸರ್ಕಾರ’ವೆಂದೇ ಕರೆದರು.

ಅಂದಿನ ತೊಡಕು ಅಷ್ಟಕ್ಕೇ ತೀರಿತೆ? 2017ರ ಜುಲೈ 1ರಿಂದ ಸರಕು ಮತ್ತು ಸೇವಾ ತೆರಿಗೆ ದೇಶಕ್ಕೆಲ್ಲ ಒಂದಾಯಿತು. ಅದರ ದರವನ್ನು ಸೂಚಿಸತಕ್ಕ ಪರಿಷತ್ತಿನಲ್ಲಿ ಕೇಂದ್ರಕ್ಕೆ ಮೂರರಲ್ಲೊಂದು ಪಾಲು ಮತ, ರಾಜ್ಯಗಳಿಗೆಲ್ಲ ಸೇರಿ ಮೂರರಲ್ಲೆರಡು ಪಾಲು; ನಿರ್ಣಯಕ್ಕೆ ಬೇಕಾದುದು ನಾಲ್ಕರಲ್ಲಿ ಮೂರು ಪಾಲು. ಕೇಂದ್ರ ಒಪ್ಪದೆ ರಾಜ್ಯಗಳಿಂದಾಗದು, ರಾಜ್ಯಗಳು ಒಪ್ಪದೆ ಕೇಂದ್ರದಿಂದಾಗದು. ಇದು ಸಹಕಾರಕ್ಕೆ ಒಳ್ಳೆಯದೇ. ಆದರೆ ದರ ಹೆಚ್ಚಾದಾಗ ರಾಜ್ಯದ ಮಂತ್ರಿಗಳು ಪರಿಷತ್ತನ್ನು ತೋರಿಸಬಹುದು, ಕೇಂದ್ರದ ಮಂತ್ರಿಗಳು ರಾಜ್ಯಗಳ ಒಪ್ಪಿಗೆಯನ್ನು ತೋರಿಸಬಹುದು. ಪರಿಷತ್ತಿನ ಶಿಫಾರಸು ಶಾಸನಸಭೆಗಳನ್ನು ಕಟ್ಟಿಹಾಕುವುದಿಲ್ಲವೆಂದು 2022ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದೆ. ಆದಕಾರಣ ‘ಪರಿಷತ್ತು ಹೇಳಿತು’ ಎಂಬುದು ಪೂರ್ಣ ಜವಾಬಲ್ಲ.

ಇನ್ನು ಪದವೀಧರರ ವೇತನ. ನಮ್ಮ ವಿಧಾನಪರಿಷತ್ತಿನ 75 ಸ್ಥಾನಗಳಲ್ಲಿ 7 ಪದವೀಧರರಿಗೂ 7 ಅಧ್ಯಾಪಕರಿಗೂ ಮೀಸಲು. ಹೀಗಿದ್ದರೂ ಕಾಲೇಜಿನ ಅತಿಥಿ ಉಪನ್ಯಾಸಕರು ತಮ್ಮ ಸಂಬಳವನ್ನು ಕುರಿತು ಕೇಳಿದರೆ, ಅರ್ಹತೆಯನ್ನು ಗೊತ್ತುಮಾಡುವವರು ದೆಹಲಿಯ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದವರು, ಹಣ ಕೊಡತಕ್ಕವರು ರಾಜ್ಯ ಸರ್ಕಾರದವರು. ಕೇಳುವ ಅರ್ಹತೆ ಒಂದು ಕಡೆಯದು, ಕೊಡುವ ಕೈ ಮತ್ತೊಂದು ಕಡೆಯದು. ಪಾಠ ಮಾತ್ರ ನಿಲ್ಲುವಂತಿಲ್ಲ.

ಮೂರನೆಯದು ಕೆರೆ. ನಾಲ್ವತ್ತು ಹೆಕ್ಟೇರಿಗಿಂತ ದೊಡ್ಡ ಕೆರೆಗಳ ಮೀನುಪಾಶುವಾರು ಹಕ್ಕನ್ನು ಮೀನುಗಾರಿಕೆ ಇಲಾಖೆಯೂ, ಚಿಕ್ಕವುಗಳದನ್ನು ಗ್ರಾಮ ಪಂಚಾಯಿತಿಯೂ ಕೊಡುವುದು ವಾಡಿಕೆ. ಗುತ್ತಿಗೆದಾರನು ಹಣ ಕಟ್ಟಿ ಮರಿ ಬಿಡುತ್ತಾನೆ. ಊರಿನ ಕೊಳಚೆ ಹರಿದುಬಂದು ಮೀನೆಲ್ಲ ಬೆಳ್ಳಗೆ ತೇಲಿದ ದಿನ ಅವನು ಹೋಗಬೇಕಾದ ಬಾಗಿಲು ಯಾವುದು? ಹಕ್ಕು ಕೊಟ್ಟವರು ಒಬ್ಬರು, ನೀರನ್ನು ನೋಡಿಕೊಳ್ಳುವವರು ಇನ್ನೊಬ್ಬರು, ಮಾಲಿನ್ಯವನ್ನು ತಡೆಯತಕ್ಕವರು ಮತ್ತೊಬ್ಬರು.

ಮೂರು ಕಡೆಯೂ ರೋಗ ಒಂದೇ: ಅಧಿಕಾರ ಹಂಚಿಹೋಗಿದೆ, ಅದರೊಡನೆ ಜವಾಬೂ ಚದರಿಹೋಗಿದೆ. ಇದಕ್ಕೆ ಮದ್ದಿನ ಸುಳಿವು 2005ರ ಮಾಹಿತಿ ಹಕ್ಕಿನ ಶಾಸನದಲ್ಲಿದೆ. ಅರ್ಜಿ ಬೇರೆ ಕಚೇರಿಗೆ ಸೇರಿದುದಾದರೆ, ಅದನ್ನು ಹಿಂದಿರುಗಿಸದೆ, 5 ದಿನಗಳೊಳಗೆ ಅಲ್ಲಿಗೆ ಕಳುಹಿಸಿ ಅರ್ಜಿದಾರನಿಗೆ ತಿಳಿಸತಕ್ಕದ್ದು. ಸರಿಯಾದ ಬಾಗಿಲನ್ನು ಹುಡುಕುವ ಶ್ರಮ ಪ್ರಜೆಯದಲ್ಲ, ಕಚೇರಿಯದು ಎಂಬುದೇ ಇದರ ತಾತ್ಪರ್ಯ. ಆದರೆ ಆ ಶಾಸನದಿಂದ ದೊರೆಯುವುದು ಕಾಗದದಲ್ಲಿರುವ ಮಾಹಿತಿ. ಹೀಗೇಕೆ ಮಾಡಿದಿರಿ ಎಂಬುದಕ್ಕೆ ಉತ್ತರವಲ್ಲ. ಆ ಉತ್ತರವನ್ನು ಮಂತ್ರಿಗಳೇ ಸಭೆಯಲ್ಲಿ ಹೇಳಬೇಕು. ‘ಇದು ನಮ್ಮದಲ್ಲ’ ಎನ್ನುವವರು, ಯಾರದೆಂಬುದನ್ನು ಅದೇ ಉಸಿರಿನಲ್ಲಿ ಹೇಳುವ ಸಂಪ್ರದಾಯವನ್ನು ನಾವು ಒತ್ತಾಯದಿಂದ ಬೆಳೆಸಬೇಕು. ಅಹವಾಲು ಹೇಳುವುದನ್ನು ಈ ಊರು 1881ರಲ್ಲೇ ಕಲಿತಿತು. ಜವಾಬು ಬರುವವರೆಗೆ ಕೇಳುತ್ತಿರುವುದನ್ನು ನಾವಿನ್ನೂ ಕಲಿಯಬೇಕಾಗಿದೆ.