ದೂರದ ಓಟದಲ್ಲಿ ದಣಿವೆಂಬ ತೀರ್ಪು

ಮ್ಯಾರಥಾನ್ ಎಂದರೆ 42.195 ಕಿಲೋಮೀಟರ್ ಓಟ. ಅದರಲ್ಲಿ ಸುಮಾರು 30 ಕಿಲೋಮೀಟರ್ ದಾಟಿದ ಮೇಲೆ ಅನೇಕರ ವೇಗ ಒಮ್ಮೆಲೇ ಕುಸಿಯುತ್ತದೆ. ಸ್ನಾಯು ಮತ್ತು ಯಕೃತ್ತಿನಲ್ಲಿ ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟ ಶರ್ಕರ ತೀರುತ್ತ ಬರುವುದು ಇದರ ಮುಖ್ಯ ಕಾರಣವೆಂಬುದರಲ್ಲಿ ಸಂಶಯವಿಲ್ಲ. ಆದರೆ ಶಕ್ತಿ ಪೂರ್ತಿ ಬರಿದಾಗುವ ಮೊದಲೇ ದೇಹವನ್ನು ಕಾಪಾಡಲೆಂದು ಮೆದುಳು ಓಟಕ್ಕೆ ಕಡಿವಾಣ ಹಾಕುತ್ತದೆ ಎಂದು ದಕ್ಷಿಣ ಆಫ್ರಿಕಾದ ವಿಜ್ಞಾನಿ ಟಿಮ್ ನೋಕ್ಸ್ 1990ರ ದಶಕದಿಂದ ವಾದಿಸುತ್ತ ಬಂದರು. ಈ ಸಿದ್ಧಾಂತವನ್ನು ಎಲ್ಲರೂ ಒಪ್ಪಿಲ್ಲವಾದರೂ, ಕಾಲೆಳೆಯುತ್ತಿದ್ದವರು ಗುರಿ ಕಂಡೊಡನೆ ವೇಗ ಹೆಚ್ಚಿಸುವುದನ್ನು ಬರಿಯ ಸ್ನಾಯುಗಳ ಲೆಕ್ಕದಿಂದ ವಿವರಿಸುವುದು ಕಷ್ಟ.

ಇನ್ನೂ ಸೋಜಿಗದ ಸಾಕ್ಷ್ಯ 2004ರಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ಪ್ರಯೋಗದ್ದು. ಅಲ್ಲಿ ಸೈಕಲ್ ಸವಾರರು ಪಿಷ್ಟಾಂಶ ಬೆರೆಸಿದ ನೀರನ್ನು ಕುಡಿಯದೆ, ಕೇವಲ ಬಾಯಿ ಮುಕ್ಕಳಿಸಿ ಉಗುಳಿದರು. ಹೊಟ್ಟೆಗೆ ಏನೂ ಸೇರದಿದ್ದರೂ ಸುಮಾರು ಒಂದು ಗಂಟೆಯ ಸವಾರಿಯನ್ನು ಶೇಕಡಾ 3ರಷ್ಟು ಬೇಗ ಮುಗಿಸಿದರು. ಆಹಾರ ಬರಲಿದೆ ಎಂಬ ಸುಳಿವು ಬಾಯಿಯಿಂದ ಮೆದುಳಿಗೆ ಮುಟ್ಟಿದ್ದೇ ಸಾಕಾಯಿತು ಎಂಬುದು ಇದಕ್ಕೆ ಸಂಶೋಧಕರು ಕೊಟ್ಟ ವಿವರಣೆ. ಸಂಶೋಧಕ ಸಮುಯೆಲೆ ಮಾರ್ಕೋರಾ ಮತ್ತು ಸಂಗಡಿಗರು 2009ರಲ್ಲಿ ಇದರ ಇನ್ನೊಂದು ಮುಖವನ್ನು ತೋರಿಸಿದರು: 90 ನಿಮಿಷ ಏಕಾಗ್ರತೆ ಬೇಡುವ ಕೆಲಸ ಮಾಡಿ ಸೈಕಲ್ ಹತ್ತಿದವರು ಹೃದಯ, ಉಸಿರಾಟಗಳ ಅಳತೆಯಲ್ಲಿ ಯಾವ ಕೊರತೆಯೂ ಇಲ್ಲದಿದ್ದರೂ ಶೇಕಡಾ 15ರಷ್ಟು ಬೇಗ ಕೈಚೆಲ್ಲಿದರು, ಹೆಚ್ಚಾಗಿದ್ದುದು ಅವರಿಗೆ ಅನ್ನಿಸಿದ ಶ್ರಮ ಮಾತ್ರ.

ದಿನವಿಡೀ ದುಡಿದು ಸಂಜೆ ಓಡುವವರು ಇದನ್ನು ಗಮನಿಸಲೇಬೇಕು. ಆಗ ಕಾಲು ಭಾರವೆನಿಸುವುದು ಸೋಮಾರಿತನವಲ್ಲ. ಆದ್ದರಿಂದ ವಾರದ ದೀರ್ಘ ಓಟವನ್ನು ಮನಸ್ಸು ಬಳಲಿರದ ಬೆಳಗಿನ ಹೊತ್ತಿಗೆ ಇಟ್ಟುಕೊಳ್ಳುವುದು ವಿವೇಕ. ಓಡುವಾಗ ತನಗೆ ತಾನೇ ಹೇಳಿಕೊಳ್ಳುವ ಮಾತನ್ನೂ ಮೊದಲೇ ಆರಿಸಿಕೊಂಡು ಅಭ್ಯಾಸದಲ್ಲಿ ರೂಢಿಸಿಕೊಳ್ಳಬೇಕು. ಹೀಗೆ ತರಬೇತಿ ಪಡೆದವರು ಕೈಬಿಡದೆ ಸೈಕಲ್ ತುಳಿದ ಅವಧಿ ಶೇಕಡಾ 18ರಷ್ಟು ಹೆಚ್ಚಿದ್ದನ್ನು 2014ರ ಒಂದು ಅಧ್ಯಯನ ದಾಖಲಿಸಿದೆ. "ಆ ತಿರುವಿನ ತನಕ" ಎಂಬಷ್ಟು ಸರಳ ಮಾತಾದರೂ ನಡೆದೀತು.

ಆದರೆ ಎದೆನೋವು, ತಲೆಸುತ್ತು, ಕೀಲಿನಲ್ಲಿ ಚುಚ್ಚುವ ನೋವು ಇವು ಮನಸ್ಸಿನ ತಡೆಗಳಲ್ಲ. ಅವು ಕಾಣಿಸಿಕೊಂಡಾಗ ಓಟಗಾರರು ಅಲ್ಲೇ ನಿಲ್ಲಬೇಕು, ವೈದ್ಯರನ್ನು ಕಾಣಬೇಕು.