ಕಟ್ ಅಂದ ಮೇಲೂ ಏಳದವರು

ವೀಕ್ಷಕರೇ, ಡಾರ್ಕ್ ಕಾಮಿಡಿ ಅಂದರೆ ಏನು? 2008ರಲ್ಲಿ 'ಟ್ರಾಪಿಕ್ ಥಂಡರ್' ಅಂತ ಒಂದು ಹಾಲಿವುಡ್ ಸಿನಿಮಾ ಬಂತು. ಯುದ್ಧದ ಚಿತ್ರ ತೆಗೆಯೋಕೆ ಹೊರಟ ತಂಡವೊಂದರ ಕಥೆ. ದುಡ್ಡು ನೀರಿನ ಹಾಗೆ ಖರ್ಚಾಗಿದೆ, ನಟರು ಮಾತು ಕೇಳಲ್ಲ. ರೋಸಿಹೋದ ನಿರ್ದೇಶಕ ಎಲ್ಲರನ್ನೂ ಹೆಲಿಕಾಪ್ಟರ್‌ನಲ್ಲಿ ಕರೆತಂದು ನಿಜವಾದ ಕಾಡಿಗೇ ಇಳಿಸುತ್ತಾನೆ. ಇಳಿಸಿದ ಸ್ವಲ್ಪ ಹೊತ್ತಿಗೆ ಹಳೇ ನೆಲಬಾಂಬ್ ತುಳಿದು ಛಿದ್ರವಾಗುತ್ತಾನೆ. ಇದೂ ಟ್ರಿಕ್ಕೇ ಇರಬೇಕು ಅಂತ ನಾಯಕನಟ ನಂಬಿ ಕೂರುತ್ತಾನೆ. ನಾವು ನಗುತ್ತೇವೆ, ನಕ್ಕ ಮೇಲೆ ಒಂಥರಾ ಆಗುತ್ತೆ. ಅದೇ ಡಾರ್ಕ್ ಕಾಮಿಡಿ. ಅದಕ್ಕೆ ಸಿನಿಮಾ ಸೆಟ್‌ಗಿಂತ ಒಳ್ಳೇ ಜಾಗ ಇಲ್ಲ. ಅಲ್ಲಿ ಬಿದ್ದವನು ನಟಿಸ್ತಿದ್ದಾನೋ, ನಿಜಕ್ಕೂ ಬಿದ್ದಿದ್ದಾನೋ ಅನ್ನೋದು ಪಕ್ಕದಲ್ಲಿ ನಿಂತವನಿಗೂ ಗೊತ್ತಾಗಲ್ಲ.

ಇಂಥ ಗೊಂದಲದ ಶೂಟಿಂಗ್ ನಮ್ಮ ಎಚ್.ಡಿ. ಕೋಟೆ ಸೀಮೆಯೂ ಕಂಡಿದೆ. 1935ರಲ್ಲಿ ರಾಬರ್ಟ್ ಫ್ಲಾಹರ್ಟಿ ಎಂಬ ಅಮೆರಿಕದ ನಿರ್ದೇಶಕ ಮೈಸೂರಿಗೆ ಬಂದ. ಕಿಪ್ಲಿಂಗ್ ಬರೆದ ಆನೆ ಕಥೆಯನ್ನು 'ಎಲಿಫೆಂಟ್ ಬಾಯ್' ಹೆಸರಲ್ಲಿ ಸಿನಿಮಾ ಮಾಡೋದು ಉದ್ದೇಶ. ಮಹಾರಾಜರ ಆನೆಗಳು ಸಿಕ್ಕವು. ಕಾರಾಪುರದ ಮಾವುತನ ಮಗ, ಅನಾಥ ಹುಡುಗ ಸಾಬು ಸಿಕ್ಕ. ಸಿಗದೇ ಇದ್ದದ್ದು ಒಂದು ಗಟ್ಟಿ ಸ್ಕ್ರಿಪ್ಟು! ಫ್ಲಾಹರ್ಟಿ ಕಂಡದ್ದನ್ನೆಲ್ಲ ತೆಗೆಯುತ್ತಾ ಹೋದ, ರೀಲು ಗುಡ್ಡೆ ಬಿತ್ತು. ಲಂಡನ್ನಿನಲ್ಲಿ ಕೂತ ನಿರ್ಮಾಪಕ ಅಲೆಕ್ಸಾಂಡರ್ ಕೋರ್ಡಾಗೆ ತಲೆ ಕೆಟ್ಟು, ತಮ್ಮ ಝೋಲ್ಟಾನ್‌ನನ್ನು ಇನ್ನೊಬ್ಬ ನಿರ್ದೇಶಕನಾಗಿ ಕಳಿಸಿದ. ಕೊನೆಗೆ ಉಳಿದ ಭಾಗವನ್ನು ಇಂಗ್ಲೆಂಡಿನ ಡೆನ್‌ಹ್ಯಾಂ ಸ್ಟುಡಿಯೋದಲ್ಲಿ ತೆಗೆದರು. ಕಾಕನಕೋಟೆಯ ಕಾಡಿಗೆ ಲಂಡನ್ ಪಕ್ಕದಲ್ಲಿ ತೇಪೆ! 1937ರಲ್ಲಿ ವೆನಿಸ್ ಚಿತ್ರೋತ್ಸವ ಶ್ರೇಷ್ಠ ನಿರ್ದೇಶಕ ಪ್ರಶಸ್ತಿ ಕೊಟ್ಟಿದ್ದು ಇಬ್ಬರಿಗೂ ಸೇರಿಸಿ. ಸಾಬು ಹಾಲಿವುಡ್ ತಾರೆಯಾದ, 1963ರಲ್ಲಿ ನಲವತ್ತು ತುಂಬುವ ಮೊದಲೇ ಅಲ್ಲೇ ತೀರಿಕೊಂಡ. ಹುಟ್ಟಿದ ಊರಿನಲ್ಲಿ ಅವನ ಹೆಸರು ಎಷ್ಟು ಜನಕ್ಕೆ ಗೊತ್ತು ಹೇಳಿ.

ಇಲ್ಲಿಯವರೆಗೆ ನಗಬಹುದು. ಅದೇ ಎಚ್.ಡಿ. ಕೋಟೆ ಕಾಡಿನಲ್ಲಿ, ಕಬಿನಿ ಹಿನ್ನೀರಿನ ಕಡೆ ಮಾಸ್ತಿಗುಡಿ ಅಂತ ಒಂದು ಜಾಗ ಇದೆ. ಆ ಹೆಸರಿನ ಸಿನಿಮಾದ ಕ್ಲೈಮ್ಯಾಕ್ಸ್ ತೆಗೆದಿದ್ದು ಬೆಂಗಳೂರಿನ ಬಳಿಯ ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ. 2016ರ ನವೆಂಬರ್ 7. ಹೆಲಿಕಾಪ್ಟರ್‌ನಿಂದ ಮೂವರು ನೀರಿಗೆ ಹಾರಿದರು. ನಾಯಕ ದುನಿಯಾ ವಿಜಯ್ ಬದುಕಿ ದಡ ಸೇರಿದರು. ಖಳನ ಪಾತ್ರದ ಅನಿಲ್, ಉದಯ್ ಮುಳುಗಿದರು. ಇಬ್ಬರಿಗೂ ಲೈಫ್ ಜಾಕೆಟ್ ಇರಲಿಲ್ಲ. ಹಾರುವ ಮುಂಚೆ ನಮ್ಮಂಥ ಚಾನೆಲ್‌ಗಳ ಮೈಕಿನ ಮುಂದೆಯೇ, ಈಜು ಅಷ್ಟಾಗಿ ಬರಲ್ಲ ಅಂತ ಹೇಳಿಕೊಂಡಿದ್ದರು. ಕೇಳಿಸಿಕೊಂಡವರು ಸುತ್ತ ಅಷ್ಟು ಜನ ಇದ್ದರು, ಕ್ಯಾಮೆರಾಗಳೂ ಇದ್ದವು. ನಿಲ್ಲಿಸಿ ಅಂದವರು ಯಾರು?

ಅವರೇ ಆಗಲ್ಲ ಅನ್ನಬಹುದಿತ್ತಲ್ಲ ಅಂತ ಕೇಳ್ತೀರಿ. ವರ್ಷಗಟ್ಟಲೆ ಸಣ್ಣಪುಟ್ಟ ಪಾತ್ರಕ್ಕೆ ಅಲೆದವನಿಗೆ ನಾಯಕನ ಪಕ್ಕ ಕ್ಲೈಮ್ಯಾಕ್ಸ್ ಸಿಕ್ಕಿದೆ. ಬೇಡ ಅಂದರೆ ಮುಂದಿನ ಸಿನಿಮಾಕ್ಕೆ ಫೋನ್ ಬರುತ್ತಾ? ನಿರ್ಮಾಪಕನಿಗೆ ಆ ದಿನದ ಹೆಲಿಕಾಪ್ಟರ್ ಬಾಡಿಗೆ ಕಣ್ಣಮುಂದೆ ಇರುತ್ತೆ. ಹೀಗೆ ಪ್ರತಿಯೊಬ್ಬರಿಗೂ ಸುಮ್ಮನಿರೋಕೆ ಒಂದೊಂದು ಕಾರಣ.

ಕೇಸಾಯಿತು, ಬಂಧನಗಳೂ ಆದವು. ಮರುವರ್ಷ ಮೇ ತಿಂಗಳಲ್ಲಿ 'ಮಾಸ್ತಿಗುಡಿ' ತೆರೆ ಕಂಡಿತು.