ವಿಜ್ಞಾನಿಗಳ ಶಾಲಾದಿನಗಳ ಒಲವು

ಹತ್ತನೆಯ ತರಗತಿಯನ್ನು ಮುಗಿಸಿದ ವಿದ್ಯಾರ್ಥಿಯು ಮುಂದೆ ಯಾವ ವಿಷಯವನ್ನು ಆರಿಸಿಕೊಳ್ಳಬೇಕೆಂಬ ಪ್ರಶ್ನೆ ಬಂದಾಗ ಹಿರಿಯರು ಮೊದಲು ನೋಡುವುದು ಅಂಕಪಟ್ಟಿಯನ್ನು. ಗಣಿತದಲ್ಲಿ ಮುಂದಿದ್ದರೆ ವಿಜ್ಞಾನ, ಚರಿತ್ರೆಯಲ್ಲಿ ಒಲವಿದ್ದರೆ ಕಲಾವಿಭಾಗ ಎಂದು ವಿಂಗಡಿಸುವುದು ರೂಢಿಯಾಗಿದೆ. ವಿಜ್ಞಾನಿಗಳ ಬಾಲ್ಯವೃತ್ತಾಂತವು ಈ ರೂಢಿಯನ್ನು ಸಮರ್ಥಿಸುವುದೇ ಎಂಬುದನ್ನು ನಮ್ಮ ನಾಡಿನ ಕೆಲವು ನಿದರ್ಶನಗಳಿಂದ ಪರಿಶೀಲಿಸಬಹುದು.

ರೂಢಿಗೆ ಒಪ್ಪುವ ನಿದರ್ಶನಗಳು ಇಲ್ಲದಿಲ್ಲ. 1934ರಲ್ಲಿ ಬೆಂಗಳೂರಿನಲ್ಲಿ ಜನಿಸಿದ ಸಿ. ಎನ್. ಆರ್. ರಾವ್ ಅವರು ಬಸವನಗುಡಿಯ ಆಚಾರ್ಯ ಪಾಠಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದರು. ರಸಾಯನಶಾಸ್ತ್ರದಲ್ಲಿ ಅವರಿಗಿದ್ದ ಆಸಕ್ತಿಯು ಆ ಶಾಲೆಯಲ್ಲಿಯೇ ಬೇರೂರಿತು. ಮುಂದೆ ಅದೇ ಅವರ ಜೀವಿತದ ಕಾರ್ಯವಾಯಿತು.

ರಾಜೇಶ್ವರಿ ಚಟರ್ಜಿಯವರ (1922–2010) ವೃತ್ತಾಂತವಾದರೋ ಬೇರೆ ಬಗೆಯದು. ಶಾಲೆಯ ಅಂತಿಮ ಪರೀಕ್ಷೆ ಮುಗಿದಾಗ ಅವರ ಮನಸ್ಸನ್ನು ಸೆಳೆದದ್ದು ಚರಿತ್ರೆ. ಕಡೆಗೆ ಭೌತಶಾಸ್ತ್ರವನ್ನೂ ಗಣಿತವನ್ನೂ ಆರಿಸಿಕೊಂಡು, ಸೆಂಟ್ರಲ್ ಕಾಲೇಜಿನಲ್ಲಿ ಗಣಿತದ ಎಂ.ಎಸ್‌ಸಿ. ಪದವಿ ಪಡೆದು, ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯದಲ್ಲಿ ಉನ್ನತ ವ್ಯಾಸಂಗ ನಡೆಸಿದರು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮೈಕ್ರೊವೇವ್ ಮತ್ತು ಆಂಟೆನಾ ವಿಷಯಗಳ ಸಂಶೋಧನೆಗೆ ತಳಹದಿ ಹಾಕಿದವರಲ್ಲಿ ಅವರೊಬ್ಬರು. ಚರಿತ್ರೆಯಲ್ಲಿ ಒಲವಿದೆಯೆಂದು ಅವರಿಗೆ ಅಂದೇ ವಿಜ್ಞಾನದ ಬಾಗಿಲನ್ನು ಮುಚ್ಚಿದ್ದರೆ ನಷ್ಟ ಯಾರದಾಗುತ್ತಿತ್ತು?

ಕೆಲವರನ್ನು ಸೆಳೆಯುವುದು ಪಠ್ಯವಿಷಯವಲ್ಲ, ಕಣ್ಣಿಗೆ ಬಿದ್ದ ಒಂದು ವಸ್ತು. 1933ರಲ್ಲಿ ಜನಿಸಿದ ರೊದ್ದಂ ನರಸಿಂಹ ಅವರು ವಿದ್ಯಾರ್ಥಿದೆಸೆಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಹೋಗಿ, ಅಲ್ಲಿಯ ಅಂಗಳದಲ್ಲಿ ನಿಲ್ಲಿಸಿದ್ದ ಸ್ಪಿಟ್‌ಫೈರ್ ವಿಮಾನವನ್ನು ಕಂಡರು. ಯಂತ್ರಶಿಲ್ಪದ ಪದವಿ ಪಡೆದ ಅವರು ವಿಮಾನಶಾಸ್ತ್ರದತ್ತ ತಿರುಗುವುದಕ್ಕೆ ಆ ನೋಟ ಕಾರಣವಾಯಿತು. ಅವರ ತಂದೆ ಆರ್. ಎಲ್. ನರಸಿಂಹಯ್ಯನವರು ಭೌತಶಾಸ್ತ್ರದ ಅಧ್ಯಾಪಕರು, ಕನ್ನಡದಲ್ಲಿ ವಿಜ್ಞಾನ ಬರೆದವರು ಎಂಬುದನ್ನೂ ಇಲ್ಲಿ ನೆನೆಯತಕ್ಕದ್ದು. ಹದಗೊಂಡ ನೆಲದಲ್ಲಿಯೇ ಬೀಜ ಬಿದ್ದಿತು.

ಇಂತಹ ನೆನಪುಗಳನ್ನು ಎಚ್ಚರಿಕೆಯಿಂದ ಓದಬೇಕು. ಇವು ಯಶಸ್ಸು ಪಡೆದವರು ಹಿಂದಿರುಗಿ ನೋಡಿ ಹೇಳಿದ ಮಾತುಗಳು. ಅದೇ ವಿಮಾನವನ್ನು ನೋಡಿ ಮರೆತವರ ವೃತ್ತಾಂತವನ್ನು ಯಾರೂ ಬರೆದಿಡಲಿಲ್ಲ. ಆದಕಾರಣ ಒಂದು ನೋಟದಿಂದ ವಿಜ್ಞಾನಿ ಹುಟ್ಟುವನೆಂದು ಹೇಳಲಾಗದು. ಎಳೆಯ ವಯಸ್ಸಿನ ಒಲವನ್ನು ಅಂಕಗಳಿಂದ ಮಾತ್ರ ಅಳೆಯುವುದು ಸಲ್ಲದೆಂದು ಹೇಳಬಹುದು.

ಈ ಮಾತು ಬಾಗಲಗುಂಟೆಯಂತಹ ಊರಿಗೆ ವಿಶೇಷವಾಗಿ ಅನ್ವಯಿಸುತ್ತದೆ. ಅದರ ನೆರೆಯ ಪೀಣ್ಯ ಕೈಗಾರಿಕಾ ಪ್ರದೇಶದ ಶೆಡ್ಡುಗಳಲ್ಲಿಯೇ ಭಾರತದ ಮೊದಲ ಉಪಗ್ರಹ ‘ಆರ್ಯಭಟ’ ಸಿದ್ಧವಾದದ್ದು. ಸುಮಾರು 360 ಕಿಲೋಗ್ರಾಂ ತೂಕದ ಅದನ್ನು 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ಟಿನಿಂದ ಹಾರಿಸಲಾಯಿತು. ಆ ಕಾರ್ಯದ ಮುಂದಾಳು ಯು. ಆರ್. ರಾವ್ ಅವರು ಉಡುಪಿಯ ಬಳಿಯ ಅದಮಾರು ಗ್ರಾಮದಲ್ಲಿ ಹುಟ್ಟಿದವರು. ಇಂದಿಗೂ ಈ ಭಾಗದ ಮಕ್ಕಳು ಲೇತು, ಅಚ್ಚು, ಮೋಟಾರುಗಳ ಸದ್ದನ್ನು ಕೇಳುತ್ತಲೇ ಶಾಲೆಗೆ ನಡೆಯುತ್ತಾರೆ. ಒಳಗೆ ನಡೆಯುವುದೇನೆಂದು ಅವರಿಗೆ ತೋರಿಸುವವರು ವಿರಳ.

ಕಾಲೇಜಿನ ಅಧ್ಯಾಪಕರು ವರ್ಷಕ್ಕೊಮ್ಮೆಯಾದರೂ ನೆರೆಯ ಶಾಲೆಯ ಮಕ್ಕಳನ್ನು ತಮ್ಮ ಪ್ರಯೋಗಾಲಯಕ್ಕೆ ಕರೆತಂದು, ಉಪಕರಣಗಳನ್ನು ಅವರ ಕೈಗೆ ಕೊಡಬೇಕು. ಹಾಗೆ ಕರೆಯುವಾಗ ಗಣಿತದಲ್ಲಿ ಮುಂದಿರುವವರನ್ನಷ್ಟೇ ಆರಿಸದೆ, ಚರಿತ್ರೆಯ ಪುಸ್ತಕವನ್ನು ಕೆಳಗಿಡಲೊಲ್ಲದ ಹುಡುಗಿಯನ್ನೂ ಕರೆಯುವುದು ಒಳ್ಳೆಯದು.